ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠ ಮಕ್ಕಳ ಕೈಗೆ: ಶಿಕ್ಷಕರಿಗೆ ಎರಡು ದಿನದ ತರಬೇತಿ ನಡೆಸುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ವರ್ಷದಲ್ಲಿ ಹಲವು ತರಬೇತಿಗಳಿಗೆ ಹೋಗುತ್ತಾರೆ. ಮೇ ತಿಂಗಳ ರಜಾಕಾಲದ ತರಬೇತಿ, ನಡುನಡುವೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆ, ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಒಂದು ದಿನದ ಕಾರ್ಯಾಗಾರ. ಇವುಗಳಲ್ಲಿ ವಿಜ್ಞಾನದ ಅವಧಿ ಬಂದಾಗ ತರಬೇತಿ ನಡೆಸುವ ಸಂಪನ್ಮೂಲ ವ್ಯಕ್ತಿ ಮುಂದಿನ ಮೇಜಿನಲ್ಲಿ ಒಂದು ಪ್ರಯೋಗ ಮಾಡಿ ತೋರಿಸುತ್ತಾರೆ, ಉಳಿದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಅದೇ ಪ್ರಯೋಗವನ್ನು ಶಿಕ್ಷಕರು ಮಕ್ಕಳ ಮುಂದೆ ಮೇಜಿನಲ್ಲಿ ಮಾಡಿ ತೋರಿಸುತ್ತಾರೆ. ನಾವು ಹೇಗೆ ಕಲಿತೆವೋ ಹಾಗೆಯೇ ಕಲಿಸುತ್ತೇವೆ. ಆದ್ದರಿಂದ ಮಕ್ಕಳ ಕೈಗೆ ಸಾಮಾನು ತಲುಪಬೇಕಾದರೆ ಮೊದಲು ಶಿಕ್ಷಕರ ಕೈಗೆ ತಲುಪಬೇಕು. ಅವರು ಮಗುವಿನ ಜಾಗದಲ್ಲಿ ಕುಳಿತು, ಊಹಿಸಿ, ತಪ್ಪಿ, ಮತ್ತೆ ಮಾಡಿ ನೋಡಬೇಕು.

ಇದು ಪರೀಕ್ಷೆಗೊಳಗಾದ ದಾರಿ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೆಲ್ಲ ಶಿಕ್ಷಕರು ಬೇಸಿಗೆ ತರಬೇತಿಯಲ್ಲಿ ತಾವೇ ಮಾಡುತ್ತಿದ್ದರು. ಶಾಲೆ ನಡೆಯುವಾಗ ತಿಂಗಳಿಗೊಮ್ಮೆ ಸೇರಿ ಎಡವಿದ ಜಾಗಗಳನ್ನು ಚರ್ಚಿಸುತ್ತಿದ್ದರು. ನಮಗೆ ಅಷ್ಟು ದೀರ್ಘ ಸಮಯ ಸಿಗುವುದಿಲ್ಲ. ಎರಡು ದಿನದಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರವಾಗಿ ಕೊಟ್ಟಿದೆ. ಮೂರರಿಂದ ಏಳನೇ ತರಗತಿಯವರೆಗೆ ಪರಿಸರ ಅಧ್ಯಯನ ಮತ್ತು ವಿಜ್ಞಾನ ಕಲಿಸುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

ಎಷ್ಟು ಜನ, ಎಲ್ಲಿ, ಯಾವಾಗ

ಒಂದು ತಂಡಕ್ಕೆ 24 ಶಿಕ್ಷಕರು ಸಾಕು. ನಾಲ್ವರಂತೆ ಆರು ಗುಂಪು, ಇಬ್ಬರು ಸಂಪನ್ಮೂಲ ವ್ಯಕ್ತಿಗಳು. ಗುಂಪಿಗೆ ಆರು ಜನರಾದರೆ ಇಬ್ಬರು ಕೈಕಟ್ಟಿ ಕೂರುತ್ತಾರೆ, ತರಗತಿಯಲ್ಲೂ ಹೀಗೇ ಆಗುತ್ತದೆ. ಒಂದೇ ಶಾಲೆಯ ಇಬ್ಬರು ಬಂದರೆ ಒಳ್ಳೆಯದು. ಹಿಂದಿರುಗಿದ ಮೇಲೆ ಒಬ್ಬರಿಗೊಬ್ಬರು ಜತೆಯಾಗುತ್ತಾರೆ. ಆದರೆ ತರಬೇತಿಯಲ್ಲಿ ಅವರನ್ನು ಬೇರೆ ಬೇರೆ ಗುಂಪಿನಲ್ಲಿ ಕೂರಿಸಿ.

ಜಾಗಕ್ಕೆ ಸಭಾಂಗಣ ಹುಡುಕಬೇಡಿ. ಸಾಧಾರಣ ಶಾಲೆಯ ತರಗತಿ ಕೋಣೆಯೇ ಉತ್ತಮ: ಅದೇ ಬೆಂಚು, ಅದೇ ಅಲುಗಾಡುವ ಡೆಸ್ಕು, ಹೊರಗೆ ಒಂದು ನಳ್ಳಿ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನ ಪ್ರಯೋಗಾಲಯದಲ್ಲಿ ಮಾಡಿದರೆ "ಅಲ್ಲಿ ಎಲ್ಲ ಇತ್ತು, ನಮ್ಮಲ್ಲಿ ಇಲ್ಲ" ಎಂಬ ಮಾತು ಮರುದಿನವೇ ಹುಟ್ಟುತ್ತದೆ.

ಕೈಪಿಡಿ ಅಥವಾ ಕಾರ್ಯಹಾಳೆ ಮಲಯಾಳದಲ್ಲಿದ್ದರೆ ಒಂದು ವಾರ ಮೊದಲೇ ಕನ್ನಡಕ್ಕೆ ತಂದು ಅಚ್ಚು ಹಾಕಿಸಿ. ಬಾಯಲ್ಲೇ ಅನುವಾದಿಸುತ್ತ ಹೋದರೆ ಸೂಚನೆಗಳು ಗುಂಪಿಗೊಂದು ಬಗೆಯಾಗಿ ತಲುಪುತ್ತವೆ.

ಸಾಮಾನು

ಆರು ಗುಂಪಿಗೆ ಬೇಕಾದದ್ದು ಇಷ್ಟು:

- ಹುಟ್ಟುಹಬ್ಬದ ಸಣ್ಣ ಮೇಣದಬತ್ತಿ 40, ಬೆಂಕಿಪೆಟ್ಟಿಗೆ 3, ಅಂಚಿರುವ ಸ್ಟೀಲ್ ತಟ್ಟೆ 6, ಸುಮಾರು 300 ಮಿಲಿಲೀಟರ್ ಹಿಡಿಯುವ ಗಾಜಿನ ಲೋಟ 8 (ಎರಡು ಒಡೆಯುವ ಲೆಕ್ಕಕ್ಕೆ)
- 1.5 ವೋಲ್ಟಿನ ಸೆಲ್ 36, ತಂತು ಇರುವ ಟಾರ್ಚ್ ಬಲ್ಬ್ 30, ಕೆಂಪು ಎಲ್.ಇ.ಡಿ. 12, 100 ಓಮಿನ ರೋಧಕ 12, ಪ್ಲಾಸ್ಟಿಕ್ ಹೊದಿಕೆಯ ವಯರು 15 ಸೆಂಟಿಮೀಟರ್ ತುಂಡುಗಳಾಗಿ 60
- ಕಡುಕೆಂಪು ದಾಸವಾಳ 30 ಹೂ, ಅರಸಿನ ಪುಡಿ 50 ಗ್ರಾಂ, ಲಿಂಬೆ 6, ಅಡಿಗೆ ಸೋಡ 100 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 50 ಗ್ರಾಂ, ಉಪ್ಪು, ಸಕ್ಕರೆ, ಬಟ್ಟೆ ಒಗೆಯುವ ಪುಡಿ
- ನೀರಿನ ಬಾಟಲಿಯ ಬಿಳಿ ಮುಚ್ಚಳ 60, ಡ್ರಾಪರ್ 12
- ಮುರಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ತುಂಡು 12, ಕರಿಕಲ್ಲಿನ ತುಂಡು 6 (ಎರಡೂ ಮುಷ್ಟಿಗಾತ್ರ), 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ 2
- ಬಕೆಟ್ 3, ಹಳೆಯ ಬೈರಾಸು 6, ಮರಳುಕಾಗದ 2 ಹಾಳೆ

ಟಾರ್ಚ್ ಬಲ್ಬನ್ನು ಮೊದಲೇ ಹುಡುಕಿಡಿ. ಎಲ್ಲ ಟಾರ್ಚುಗಳೂ ಎಲ್.ಇ.ಡಿ.ಯಾದ ಮೇಲೆ ಹಳ್ಳಿಯ ಅಂಗಡಿಯಲ್ಲಿ ತಂತಿನ ಬಲ್ಬು ಸಿಗುವುದು ಕಷ್ಟವಾಗಿದೆ. ಕಾಸರಗೋಡು ಅಥವಾ ಮಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಬೇಕಾಗುತ್ತದೆ. 2.5 ವೋಲ್ಟಿನದು ಸಿಕ್ಕಿದರೆ ಒಂದು ಸೆಲ್ಲಿಗೆ ಮಂಕಾಗಿಯಾದರೂ ಉರಿಯುತ್ತದೆ. 6 ವೋಲ್ಟಿನದು ತಂದರೆ ಉರಿದದ್ದು ಕಾಣುವುದೇ ಇಲ್ಲ.

ಸುಣ್ಣದ ತಿಳಿನೀರನ್ನು ಹಿಂದಿನ ದಿನ ಸಂಜೆಯೇ ಮಾಡಿ. 1 ಲೀಟರ್ ನೀರಿಗೆ 50 ಗ್ರಾಂ ಸುಣ್ಣ ಹಾಕಿ ಕಲಕಿ ಮುಚ್ಚಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಬೇರೆ ಬಾಟಲಿಗೆ ಬಗ್ಗಿಸಿ. ಮುರಕಲ್ಲನ್ನು ಎರಡು ದಿನ ಬಿಸಿಲಿಗೆ ಇಡಬೇಕು. ಎಲ್ಲ ಪ್ರಯೋಗಗಳನ್ನೂ ತರಬೇತಿಗೆ ತರುವ ಅದೇ ಸಾಮಾನಿನಲ್ಲಿ ಸಂಪನ್ಮೂಲ ವ್ಯಕ್ತಿಗಳಿಬ್ಬರೂ ಒಮ್ಮೆ ಮಾಡಿ ಮುಗಿಸಿರಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಮೊದಲ ಪ್ರಯೋಗ: ಎಲ್ಲರಿಗೂ "ಗೊತ್ತಿರುವ" ಮೇಣದಬತ್ತಿ

ಸ್ವಾಗತ, ಪರಿಚಯ, ಉದ್ದೇಶ ವಿವರಣೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ನೇರ ಇಲ್ಲಿಂದ ಆರಂಭಿಸಿ. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿಗೆ ಲೋಟ ಕವುಚಿದರೆ ಬತ್ತಿ ಆರಿ ನೀರು ಮೇಲೇರುವುದನ್ನು ಎಲ್ಲ ಶಿಕ್ಷಕರೂ ನೋಡಿದ್ದಾರೆ. ಕಾರಣ ಕೇಳಿದರೆ ಹೆಚ್ಚಿನವರು ತಕ್ಷಣ ಹೇಳುತ್ತಾರೆ: "ಆಮ್ಲಜನಕ ಮುಗಿಯಿತು, ಗಾಳಿಯಲ್ಲಿ ಅದು ಐದರಲ್ಲಿ ಒಂದು ಪಾಲು, ಆ ಜಾಗಕ್ಕೆ ನೀರು ಬಂತು." ಈ ಉತ್ತರ ಪೂರ್ತಿ ಸರಿಯಲ್ಲ. ಅದನ್ನು ನೀವು ಹೇಳಿಬಿಡಬಾರದು, ಪ್ರಯೋಗ ಹೇಳಬೇಕು. ಇದಕ್ಕಾಗಿಯೇ ಇದು ಮೊದಲನೆಯದು.

ಒಣ ತಟ್ಟೆಗೆ ಕರಗಿದ ಮೇಣ ಎರಡು ಹನಿ ಬಿಟ್ಟು 4–5 ಸೆಂಟಿಮೀಟರ್ ಉದ್ದದ ಬತ್ತಿಯನ್ನು ನಿಲ್ಲಿಸಿ. ಮೇಣ ಗಟ್ಟಿಯಾದ ಮೇಲೆ 1 ಸೆಂಟಿಮೀಟರ್ ಎತ್ತರಕ್ಕೆ ನೀರು ಹಾಕಿ. ನೀರಿಗೆ ಎರಡು ಹನಿ ಶಾಯಿ ಬೆರೆಸಿದರೆ ದೂರದಿಂದಲೂ ಕಾಣುತ್ತದೆ. ಲೋಟದ ಅಂಚು ಕೂರುವಲ್ಲಿ ಎರಡು ನಾಣ್ಯ ಇಡಿ. ಇಲ್ಲದಿದ್ದರೆ ಅಂಚು ತಟ್ಟೆಗೆ ಅಂಟಿದಂತಾಗಿ ನೀರು ಒಳಗೆ ಹೋಗುವುದಿಲ್ಲ. ಬತ್ತಿ ಹಚ್ಚಿ ಲೋಟ ಕವುಚುವ ಮೊದಲು ಪ್ರತಿಯೊಬ್ಬರೂ ಪುಸ್ತಕದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ನೀರು ಏರುವುದು ಬತ್ತಿ ಉರಿಯುವಾಗಲೋ, ಆರಿದ ಮೇಲೋ? ಎಷ್ಟು ಎತ್ತರಕ್ಕೆ? ಒಂದು ಬತ್ತಿಯ ಬದಲು ಮೂರು ಇಟ್ಟರೆ ಎತ್ತರ ಹೆಚ್ಚುತ್ತದೋ, ಕಡಿಮೆಯಾಗುತ್ತದೋ, ಅಷ್ಟೇ ಇರುತ್ತದೋ?

ಬಾಯಲ್ಲಿ ಹೇಳಿಸಿದರೆ ಸಾಲದು, ಬರೆಸಬೇಕು. ಬರೆಯದ ಊಹೆಯನ್ನು ಫಲಿತಾಂಶ ಕಂಡ ಮೇಲೆ ಬದಲಿಸಿಕೊಳ್ಳುವುದು ಸುಲಭ.

ಒಂದು ಬತ್ತಿ, ಆಮೇಲೆ ಮೂರು ಬತ್ತಿ. ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಬೋರ್ಡಿನಲ್ಲಿ ಎಲ್ಲ ಗುಂಪಿನ ಸಂಖ್ಯೆ ಬರೆಯಿರಿ. ಮೂರು ಬತ್ತಿಗೆ ನೀರು ಹೆಚ್ಚು ಏರಿರುತ್ತದೆ. ಲೋಟದಲ್ಲಿದ್ದ ಆಮ್ಲಜನಕವೇನೂ ಮೂರು ಪಟ್ಟಾಗಲಿಲ್ಲ. ಕೋಣೆ ಇಲ್ಲಿ ಮೌನವಾಗುತ್ತದೆ. ಆ ಮೌನವನ್ನು ನೀವು ತುಂಬಬೇಡಿ. "ಲೋಟ ಇಳಿಸುವಾಗ ಅಂಚಿನಲ್ಲಿ ಏನಾದರೂ ಕಂಡಿತೇ?" ಎಂದಷ್ಟೇ ಕೇಳಿ. ಗುಳ್ಳೆ ಹೋದದ್ದನ್ನು ಯಾರಾದರೂ ನೋಡಿರುತ್ತಾರೆ. ನೋಡಿಲ್ಲದಿದ್ದರೆ ಮತ್ತೊಮ್ಮೆ ಮಾಡಲಿ.

ನಡೆಯುವುದು ಇಷ್ಟು: ಲೋಟದೊಳಗಿನ ಗಾಳಿ ಜ್ವಾಲೆಯ ಬಿಸಿಗೆ ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕ ಖರ್ಚಾಗುವುದು ನಿಜ, ಆದರೆ ಬತ್ತಿ ಅದನ್ನು ಪೂರ್ತಿ ಮುಗಿಸುವುದಿಲ್ಲ. ಶೇಕಡಾ 21 ಇದ್ದದ್ದು 16ರ ಸುಮಾರಿಗೆ ಇಳಿದಾಗಲೇ ಆರುತ್ತದೆ, ಜತೆಗೆ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಜಾಗ ತುಂಬುತ್ತದೆ. ನೀರು ಏರುವುದರಲ್ಲಿ ದೊಡ್ಡ ಪಾಲು ಬಿಸಿ ಗಾಳಿಯದು. ಅನುಮಾನ ಉಳಿದವರು ಬತ್ತಿಯೇ ಇಲ್ಲದೆ ಪರೀಕ್ಷಿಸಲಿ: ಲೋಟವನ್ನು ಮೊದಲು ಉಗುರುಬೆಚ್ಚಗಿನ, ಆಮೇಲೆ ಬಿಸಿ ನೀರಿನಲ್ಲಿ ತೊಳೆದು, ಚೆಲ್ಲಿ, ಕೂಡಲೇ ತಟ್ಟೆಯಲ್ಲಿ ಕವುಚಿದರೆ ಆಗಲೂ ನೀರು ಏರುತ್ತದೆ. ನೇರವಾಗಿ ಕುದಿನೀರು ಹಾಕಿದರೆ ಗಾಜು ಸೀಳುತ್ತದೆ.

ಗುಂಪುಗಳ ಸಂಖ್ಯೆ ಒಂದಕ್ಕೊಂದು ಹೊಂದದಿರುವುದು ಖಂಡಿತ. ಒಬ್ಬರು ಲೋಟವನ್ನು ಜ್ವಾಲೆಯ ಮೇಲೆ ನಾಲ್ಕು ಸೆಕೆಂಡು ಹಿಡಿದು ಇಳಿಸಿರುತ್ತಾರೆ, ಇನ್ನೊಬ್ಬರು ಥಟ್ಟನೆ ಕವುಚಿರುತ್ತಾರೆ. ನಿಧಾನಕ್ಕೆ ಇಳಿಸಿದಷ್ಟೂ ಗಾಳಿ ಹೆಚ್ಚು ಬಿಸಿಯಾಗಿರುತ್ತದೆ, ನೀರು ಹೆಚ್ಚು ಏರುತ್ತದೆ. ಈ ವ್ಯತ್ಯಾಸವನ್ನು "ತಪ್ಪು" ಎಂದು ಒರಸಿ ಹಾಕಬೇಡಿ. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಒಂದೇ ರೀತಿ ಇಡಬೇಕೆಂಬ ನಿಯಮ ಇಲ್ಲಿಂದಲೇ ಹೊರಡಬೇಕು. ಶಿಕ್ಷಕರು ತಾವಾಗಿ "ಎಲ್ಲರೂ ಒಂದೇ ಹೊತ್ತು ಹಿಡಿಯೋಣ" ಎಂದರೆ ಅರ್ಧ ತರಬೇತಿ ಮುಗಿದಂತೆ. ತಟ್ಟೆಯಲ್ಲಿ ನೀರು ಕಡಿಮೆಯಿದ್ದರೆ ಕೊನೆಗೆ ಅಂಚಿನಿಂದ ಗಾಳಿ ನುಗ್ಗಿ ಏರಿದ ನೀರು ಇಳಿದುಬಿಡುತ್ತದೆ. ಹಾಗಾದ ಗುಂಪು ಮತ್ತೊಮ್ಮೆ ಮಾಡಲಿ.

ಇದಕ್ಕೆ ಒಂದೂವರೆ ಗಂಟೆ ಬೇಕು. ಕಡಿತ ಮಾಡಬೇಡಿ.

ಒಂದು ಸೆಲ್, ಒಂದು ಬಲ್ಬ್, ಒಂದೇ ವಯರು

ಇದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಮಾಡುವ ಕೆಲಸ. ತಲಾ ಒಂದು ಸೆಲ್, ಒಂದು ತಂತಿನ ಬಲ್ಬ್, ಎರಡೂ ತುದಿಯಲ್ಲಿ 1 ಸೆಂಟಿಮೀಟರ್ ಹೊದಿಕೆ ಸುಲಿದ ಒಂದು ವಯರು. ಹೋಲ್ಡರ್ ಕೊಡಬೇಡಿ, ಅದು ಬಲ್ಬಿನ ಎರಡು ಸಂಪರ್ಕ ಬಿಂದುಗಳನ್ನು ಮುಚ್ಚಿಬಿಡುತ್ತದೆ. ಮೊದಲು ಹೇಗೆ ಜೋಡಿಸುವಿರಿ ಎಂದು ಚಿತ್ರ ಬರೆಯಲಿ, ಆಮೇಲೆ ಕೈ ಹಾಕಲಿ.

ಸೆಲ್ಲಿನ ಮೂತಿಯಿಂದ ಬಲ್ಬಿನ ತಳಕ್ಕೆ ಒಂದು ಗೆರೆ ಎಳೆದು ನಿಲ್ಲಿಸಿದ ಚಿತ್ರಗಳು ಧಾರಾಳ ಬರುತ್ತವೆ. ವಿದ್ಯುತ್ತು ಬಲ್ಬಿಗೆ ಹೋದರೆ ಸಾಕು, ಮರಳಬೇಕಾಗಿಲ್ಲ ಎಂಬ ಕಲ್ಪನೆ ಮಕ್ಕಳಲ್ಲಿ ಇರುವಂತೆ ದೊಡ್ಡವರಲ್ಲೂ ಇರುತ್ತದೆ. ಮನೆಯ ಬಲ್ಬಿಗೆ ಒಂದೇ ವಯರು ಹೋದಂತೆ ಕಾಣುವುದೂ ಇದಕ್ಕೆ ಕಾರಣ, ಅದರೊಳಗೆ ಎರಡು ಎಳೆ ಇರುವುದು ಹೊರಗೆ ಕಾಣುವುದಿಲ್ಲ. ಬಲ್ಬಿನ ತಳದ ಬೊಟ್ಟು ಒಂದು ಸಂಪರ್ಕ, ಪಕ್ಕದ ಲೋಹದ ಕವಚ ಇನ್ನೊಂದು. ಎರಡೂ ಸೆಲ್ಲಿನ ಎರಡು ತುದಿಗೆ ತಾಗಿದಾಗ ಮಾತ್ರ ಉರಿಯುತ್ತದೆ. ಹೀಗೆ ಜೋಡಿಸಲು ನಾಲ್ಕು ಬಗೆಗಳಿವೆ. ಒಂದು ಸಿಕ್ಕಿದವರು ಉಳಿದ ಮೂರನ್ನು ಹುಡುಕಲಿ, ಉರಿಯದ ಜೋಡಣೆಗಳನ್ನೂ ಬರೆದಿಡಲಿ.

ಉರಿಯದಿದ್ದರೆ ಈ ಕ್ರಮದಲ್ಲಿ ನೋಡಿ: ವಯರಿನ ತುದಿಯ ಹೊದಿಕೆ ಪೂರ್ತಿ ಹೋಗಿದೆಯೇ, ತಾಮ್ರ ಕಪ್ಪಾಗಿದೆಯೇ (ಮರಳುಕಾಗದದಿಂದ ಉಜ್ಜಿ), ಬಲ್ಬಿನೊಳಗಿನ ತಂತು ಮುರಿದಿದೆಯೇ, ಸೆಲ್ ಸತ್ತಿದೆಯೇ. ವಯರಿನ ಎರಡು ತುದಿಯನ್ನೂ ನೇರ ಸೆಲ್ಲಿನ ಎರಡು ಕಡೆಗೆ ಹಿಡಿದವರಿಗೆ ಕೈ ಬಿಸಿಯಾಗುತ್ತದೆ. ಎರಡು ಸೆಕೆಂಡಿಗೆ ಬಿಡಿಸಿ, ಆದರೆ ಏಕೆ ಬಿಸಿಯಾಯಿತೆಂಬ ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆದಿಡಿ.

ಎಲ್.ಇ.ಡಿ. ಬಳಸುವ ಶಾಲೆಗಳಿಗೆ ಎರಡು ಮಾತು. ಕೆಂಪು ಎಲ್.ಇ.ಡಿ.ಗೆ ಸುಮಾರು 2 ವೋಲ್ಟ್ ಬೇಕು, ಒಂದು ಸೆಲ್ಲಿಗೆ ಉರಿಯದು. ಎರಡು ಸೆಲ್ಲನ್ನು ಸಾಲಾಗಿ ಜೋಡಿಸಿ, ನಡುವೆ 100 ಓಮಿನ ರೋಧಕ ಹಾಕಿ, ಉದ್ದ ಕಾಲನ್ನು ಧನ ತುದಿಯ ಕಡೆಗೆ ಕೊಡಿ. ತಿರುಗಿಸಿ ಕೊಟ್ಟರೆ ಉರಿಯುವುದಿಲ್ಲ. 9 ವೋಲ್ಟಿನ ಬ್ಯಾಟರಿಗೆ ನೇರ ತಾಗಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮೊಬೈಲಿನ ಹಳೆ ಬ್ಯಾಟರಿಯನ್ನು ತರಗತಿಗೆ ತರಲೇಬಾರದು, ಶಾರ್ಟ್ ಆದರೆ ಬೆಂಕಿ ಹಿಡಿಯಬಹುದು. ಗೋಡೆಯ ಪ್ಲಗ್ಗಿನ ವಿದ್ಯುತ್ತು ಮತ್ತು ಸೆಲ್ಲಿನ ವಿದ್ಯುತ್ತಿನ ನಡುವಿನ ಅಪಾಯದ ಅಂತರವನ್ನು ಮಕ್ಕಳಿಗೆ ಪಾಠದ ಆರಂಭದಲ್ಲೇ, ಸ್ಪಷ್ಟವಾಗಿ ಹೇಳಬೇಕೆಂದು ಶಿಕ್ಷಕರಿಗೆ ತಿಳಿಸಿ.

ದಾಸವಾಳದ ನೀರು ಮತ್ತು ಬೋರ್ಡೋ ದ್ರಾವಣ

ಐದು ಕಡುಕೆಂಪು ದಾಸವಾಳದ ಎಸಳುಗಳನ್ನು ಮಾತ್ರ ಬಿಡಿಸಿ, 200 ಮಿಲಿಲೀಟರ್ ಬಿಸಿ ನೀರಿನಲ್ಲಿ 15 ನಿಮಿಷ ಮುಚ್ಚಿಟ್ಟು ಸೋಸಿ. ಕುದಿಸುತ್ತ ಬಿಟ್ಟರೆ ಬಣ್ಣ ಕಂದಾಗುತ್ತದೆ. ಬಿಳಿ, ಹಳದಿ ಕಸಿ ದಾಸವಾಳ ಪ್ರಯೋಜನಕ್ಕಿಲ್ಲ. ಈ ನೀರು ಒಂದು ದಿನದಲ್ಲಿ ಹಾಳಾಗುವುದರಿಂದ ಅಂದೇ ಮಾಡಬೇಕು. ದಿನಗಟ್ಟಲೆ ಬೇಕಿದ್ದರೆ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ ನೆರಳಲ್ಲಿ ಒಣಗಿಸಿ ಪಟ್ಟಿ ಮಾಡಿಡಿ.

ಬಿಳಿ ಮುಚ್ಚಳಗಳಲ್ಲಿ ಲಿಂಬೆರಸ, ಸೋಡದ ನೀರು, ಸುಣ್ಣದ ತಿಳಿ, ಒಗೆಯುವ ಪುಡಿಯ ನೀರು, ಉಪ್ಪುನೀರು, ಸಕ್ಕರೆ ನೀರು ಅರ್ಧರ್ಧ ತುಂಬಿಸಿ, ಪ್ರತಿಯೊಂದಕ್ಕೂ ಐದು ಹನಿ ದಾಸವಾಳದ ನೀರು. ಆಮ್ಲಕ್ಕೆ ಗುಲಾಬಿಗೆಂಪು, ಪ್ರತ್ಯಾಮ್ಲಕ್ಕೆ ಹಸಿರು, ಉಪ್ಪು ಸಕ್ಕರೆಗೆ ಬದಲಾವಣೆ ಇಲ್ಲ. ಡ್ರಾಪರನ್ನು ಒಂದರಿಂದ ಇನ್ನೊಂದಕ್ಕೆ ತೊಳೆಯದೆ ಅದ್ದಿದರೆ ಸಕ್ಕರೆ ನೀರೂ ಹಸಿರಾಗಿ ಗೊಂದಲವಾಗುತ್ತದೆ. ಇಲ್ಲಿ ಎಡವುವುದು ಬಹುಪಾಲು ಇದರಿಂದಲೇ. ಅರಸಿನ ಹಚ್ಚಿದ ಕಾಗದದ ಪಟ್ಟಿಯಲ್ಲೂ ಮಾಡಿ ಹೋಲಿಸಲಿ: ಅದು ಪ್ರತ್ಯಾಮ್ಲಕ್ಕೆ ಕೆಂಪುಕಂದಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಇರುತ್ತದೆ. ಅಂದರೆ ಆಮ್ಲವನ್ನೂ ಸಕ್ಕರೆ ನೀರನ್ನೂ ಅರಸಿನ ಬೇರೆ ಮಾಡಿ ತೋರಿಸದು. ಎರಡು ಸೂಚಕಗಳು ಏಕೆ ಬೇಕೆಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಮಕ್ಕಳು ಮನೆಯಿಂದ ಪುನರ್ಪುಳಿಯ ಸಾರನ್ನು ತಂದು ಸೋಡ ಹಾಕಿ ನೋಡಲು ಬಯಸಿದರೆ ಬಿಡಿ. ಕೆಂಪು ಹೋಗಿ ಬಣ್ಣ ಬದಲಾಗುತ್ತದೆ. ಅದು ತಾನೇ ಗಟ್ಟಿ ಹುಳಿಯಾದ್ದರಿಂದ ಸೋಡ ಹೆಚ್ಚು ಬೇಕು, ನೊರೆಯೂ ಬರುತ್ತದೆ.

ಆರು, ಏಳನೇ ತರಗತಿಯ ಶಿಕ್ಷಕರು ಇದನ್ನು ತೋಟಕ್ಕೆ ಜೋಡಿಸಬಹುದು. ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣದ ಲೆಕ್ಕದಲ್ಲಿ ಮಾಡುತ್ತಾರೆ. ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ದ್ರಾವಣ ಇನ್ನೂ ಆಮ್ಲೀಯ, ಸುಣ್ಣ ಸಾಲದು. ಮನೆಯಲ್ಲಿ ಇದನ್ನು ಕಂಡ ಮಕ್ಕಳು ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಎಷ್ಟೋ ತರಗತಿಗಳಲ್ಲಿದ್ದಾರೆ. ಅವರು ಹೇಳಲಿ. ಮೈಲುತುತ್ತು ವಿಷ, ಅದನ್ನು ಶಾಲೆಗೆ ತರಿಸಬೇಡಿ. ಮಾತಿನಲ್ಲೇ ಮುಗಿಸಿ.

ಮುರಕಲ್ಲು ನೀರು ಕುಡಿಯುತ್ತದೆಯೇ

ಪಠ್ಯದಲ್ಲಿ ಉತ್ತರವಿಲ್ಲದ ಒಂದು ಪ್ರಶ್ನೆಯಾದರೂ ತರಬೇತಿಯಲ್ಲಿ ಇರಬೇಕು. ನಮ್ಮ ಊರಿನಲ್ಲಿ ಅದಕ್ಕೆ ಮುರಕಲ್ಲಿಗಿಂತ ಒಳ್ಳೆಯ ಸಾಮಾನಿಲ್ಲ. ಮನೆಯ ಗೋಡೆ, ಬಾವಿಯ ಬದಿ, ಶಾಲೆಯ ಮೈದಾನ ಎಲ್ಲವೂ ಅದೇ. ಇದೇ ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದರು.

ಮೊದಲ ದಿನ ಮಧ್ಯಾಹ್ನ ಪ್ರತಿ ಗುಂಪು ಎರಡು ಮುರಕಲ್ಲಿನ ತುಂಡು, ಒಂದು ಕರಿಕಲ್ಲನ್ನು ತೂಗಿ ಬರೆದುಕೊಂಡು ಬಕೆಟಿನ ನೀರಿಗೆ ಹಾಕಲಿ. ಮುರಕಲ್ಲಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ, ಕರಿಕಲ್ಲಿನಿಂದ ಏಳುವುದಿಲ್ಲ. ಒಂದು ಗಂಟೆಯ ಬಳಿಕ ತೆಗೆದು, ಮೇಲ್ಮೈಯನ್ನು ಬೈರಾಸಿನಿಂದ ಒರಸಿ ಮತ್ತೆ ತೂಗಬೇಕು. ಮರುದಿನ ಬೆಳಗ್ಗೆ ಇನ್ನೊಮ್ಮೆ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಒಂದೊಂದು ಕಲ್ಲಿಗೆ ಒಂದೊಂದು ಉತ್ತರ ಬರುತ್ತದೆ. ಸಂಪನ್ಮೂಲ ವ್ಯಕ್ತಿಯ ಕೈಯಲ್ಲೂ "ಸರಿ ಉತ್ತರ" ಇರಬಾರದು. ತೂಕ ಕಡಿಮೆಯಾಯಿತು ಎನ್ನುವ ಗುಂಪು ಇದ್ದರೆ ಕಲ್ಲಿನ ಪುಡಿ ನೀರಿನಲ್ಲಿ ಉದುರಿರುತ್ತದೆ, ಬಕೆಟಿನ ತಳ ನೋಡಿದರೆ ಗೊತ್ತಾಗುತ್ತದೆ. ಹಾಗಾಗದಂತೆ ಬಿಸಿಲಿಗಿಡುವ ಮೊದಲೇ ಕಲ್ಲನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದಿಡಿ.

ಆಮೇಲಿನ ಚರ್ಚೆ ನೀರಿನ ಕಡೆಗೆ ಹೋಗಲಿ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತುತ್ತದೆ. ಅದೇ ಹೊತ್ತಿಗೆ ಬಾಯಾರು, ಎಣ್ಮಕಜೆಯ ಕಡೆ ಗುಡ್ಡೆಯೊಳಕ್ಕೆ ಅಡ್ಡಕ್ಕೆ ತೋಡಿದ ಕೆಲವು ಸುರಂಗಗಳಲ್ಲಿ ಹನಿ ನೀರು ಬರುತ್ತಲೇ ಇರುತ್ತದೆ. ಆ ನೀರು ಎಲ್ಲಿ ಉಳಿದಿತ್ತು? ತೂಗಿ ನೋಡಿದ ಕಲ್ಲಿನಿಂದ ಈ ಪ್ರಶ್ನೆಗೆ ಎಷ್ಟು ಉತ್ತರ ಸಿಗುತ್ತದೆ, ಎಷ್ಟು ಸಿಗುವುದಿಲ್ಲ? ಸುರಂಗ ತೋಡಿದ ಹಿರಿಯರು ಊರಿನಲ್ಲಿದ್ದರೆ ಮಕ್ಕಳು ಹೋಗಿ ಕೇಳಬಹುದು. ಸುರಂಗದ ಒಳಗೆ ಮಕ್ಕಳನ್ನು ಕರೆದೊಯ್ಯಬೇಡಿ. ಕುಸಿತ, ಹಾವು, ಗಾಳಿಯ ಕೊರತೆ ಮೂರೂ ಇವೆ. ಸುರಂಗದ ಬಾಯಿಯ ಬಳಿ ಹೊರಗೆ ನಿಂತು ನೋಡಿದರೆ ಸಾಕು.

ಪ್ರಶ್ನೆ ಕೇಳುವ ಅಭ್ಯಾಸ

ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1960–70ರ ದಶಕಗಳಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಮಾಡಿ ಕಂಡುಕೊಂಡದ್ದು: ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಇದನ್ನು ಹೇಳಿದರೆ ಯಾರೂ ಬದಲಾಗುವುದಿಲ್ಲ. ಇಬ್ಬಿಬ್ಬರಾಗಿ ಕೂತು ಒಬ್ಬರು ಪ್ರಶ್ನೆ ಕೇಳಲಿ, ಇನ್ನೊಬ್ಬರು ಮೊಬೈಲಿನ ಗಡಿಯಾರದಲ್ಲಿ ಅಳೆಯಲಿ. ಮೂರು ಸೆಕೆಂಡು ಎಷ್ಟು ದೀರ್ಘ ಎಂಬುದು ಆಗ ಅರಿವಾಗುತ್ತದೆ.

"ಏಕೆ?" ಎಂಬುದು ಮೊದಲ ಪ್ರಶ್ನೆಯಾಗಬಾರದು. "ಏನು ಕಂಡಿತು?", "ಮೊದಲಿಗಿಂತ ಏನು ಬೇರೆ?", "ಇದನ್ನು ಬದಲಿಸಿದರೆ?" ಎಂದು ಕೇಳುತ್ತ ಹೋದರೆ ಎಲ್ಲ ಮಕ್ಕಳಿಗೂ ಹೇಳಲು ಏನಾದರೂ ಇರುತ್ತದೆ. ಇನ್ನೊಂದು ಮಾತು ನಮ್ಮ ಶಾಲೆಗಳಿಗೆ ಮುಖ್ಯ. ಕನ್ನಡ ಮಾಧ್ಯಮದ ಒಂದೇ ತರಗತಿಯಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿರುತ್ತಾರೆ. "ನೀರ್ ಮಿತ್ತ್ ಬತ್ತ್ಂಡ್" ಎಂದ ಮಗುವನ್ನು ತಡೆದು ಕನ್ನಡದಲ್ಲಿ ಹೇಳು ಎಂದರೆ ನೋಡಿದ್ದು ಅಲ್ಲಿಗೇ ನಿಲ್ಲುತ್ತದೆ. ಅದು ಹೇಳಿದ್ದನ್ನು ಒಪ್ಪಿಕೊಂಡು, "ನೀರು ಮೇಲೆ ಬಂತು" ಎಂದು ಬೋರ್ಡಿನಲ್ಲಿ ಬರೆದು ಮುಂದೆ ಹೋಗಬೇಕು. ವಾಹಕ, ಪ್ರತ್ಯಾಮ್ಲ, ಒತ್ತಡ ಮುಂತಾದ ಪಾರಿಭಾಷಿಕ ಪದಗಳು ಕೈಕೆಲಸ ಮುಗಿದ ಮೇಲೆ ಬರಲಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಎಂಬ ಭಯ ಹಲವು ಶಿಕ್ಷಕರಿಗೆ ಪ್ರಯೋಗ ಬೇಡವೆನಿಸುವಂತೆ ಮಾಡುತ್ತದೆ. ಪ್ರಶ್ನೆಗಳನ್ನು ಬರೆದಿಡಲು ಬೋರ್ಡಿನ ಮೂಲೆಯಲ್ಲಿ ಒಂದು ಜಾಗ ಮಾಡಿ. "ನನಗೂ ಗೊತ್ತಿಲ್ಲ, ಹೇಗೆ ಪರೀಕ್ಷಿಸಬಹುದು?" ಎಂದು ಹೇಳುವುದನ್ನು ಸಂಪನ್ಮೂಲ ವ್ಯಕ್ತಿಯೇ ಮೊದಲ ದಿನ ಮಾಡಿ ತೋರಿಸಲಿ.

ಎರಡನೇ ದಿನ: 40 ನಿಮಿಷದೊಳಗೆ ಹೊಂದಿಸುವುದು

ಕಲ್ಲಿನ ತೂಕ ಮುಗಿದ ಮೇಲೆ ಪ್ರತಿ ಗುಂಪು ತಮ್ಮ ಪಠ್ಯಪುಸ್ತಕದಿಂದ ಒಂದು ಪಾಠವನ್ನು ಆರಿಸಿ 40 ನಿಮಿಷದ ಯೋಜನೆ ಮಾಡಲಿ. ಸೂಚನೆ ಮತ್ತು ಊಹೆಗೆ 8 ನಿಮಿಷ, ಸಾಮಾನು ಹಂಚಲು 3, ಕೈಕೆಲಸಕ್ಕೆ 14, ಒಟ್ಟು ಚರ್ಚೆಗೆ 10, ಮರಳಿ ಜೋಡಿಸಲು 5. ಹೊಸಬರ ಯೋಜನೆಯಲ್ಲಿ ಸಾಮಾನ್ಯವಾಗಿ ಕೊನೆಯ ಐದು ನಿಮಿಷ ಇರುವುದೇ ಇಲ್ಲ. ಮುಂದಿನ ಪೀರಿಯಡಿನ ಟೀಚರ್ ಬಾಗಿಲಲ್ಲಿ ನಿಂತಿರುತ್ತಾರೆ, ನೆಲದ ಮೇಲೆ ನೀರು ಹರಿದಿರುತ್ತದೆ. ಒಮ್ಮೆ ಹೀಗಾದರೆ ಆ ಶಿಕ್ಷಕರು ಎರಡನೇ ಪ್ರಯೋಗಕ್ಕೆ ಕೈ ಹಾಕುವುದಿಲ್ಲ. ಸೂಚನೆಗಳೆಲ್ಲ ಸಾಮಾನು ಕೊಡುವ ಮೊದಲೇ ಮುಗಿಯಬೇಕು. ಕೈಯಲ್ಲಿ ಬಲ್ಬ್ ಇರುವ ಮಗು ಮಾತು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮೂರು ನಾಲ್ಕನೇ ತರಗತಿಯನ್ನು ಒಟ್ಟಿಗೆ ಕೂರಿಸುವ ಸಣ್ಣ ಶಾಲೆಗಳಲ್ಲಿ ಒಂದೇ ಪ್ರಯೋಗ ಸಾಕು. ಚಿಕ್ಕವರು ಕಂಡದ್ದನ್ನು ಚಿತ್ರ ಬರೆಯಲಿ, ದೊಡ್ಡವರು ಅಳತೆಯನ್ನು ಕೋಷ್ಟಕದಲ್ಲಿ ಬರೆಯಲಿ.

ಮೊಳಕೆಯಂಥ ದಿನಗಟ್ಟಲೆಯ ಪ್ರಯೋಗವನ್ನು ಯೋಜಿಸುವವರಿಗೆ ಎರಡು ಎಚ್ಚರಿಕೆ ಸಾಕು: ಸೋಮವಾರ ಆರಂಭಿಸಿ, ಇಲ್ಲದಿದ್ದರೆ ರಜೆಯಲ್ಲಿ ಕಾಳಿಟ್ಟ ಒದ್ದೆ ಹತ್ತಿ ಒಣಗುತ್ತದೆ. ಒಂದು ಲೋಟಕ್ಕೆ ಒಂದೇ ಕಾಳು ಹಾಕಬೇಡಿ, ಹತ್ತು ಹೆಸರುಕಾಳು ಹಾಕಿ, ಏಕೆಂದರೆ ಒಂದು ಕಾಳು ಮೊಳೆಯದಿರಲು ನೀರಿಲ್ಲದ್ದೇ ಕಾರಣವಾಗಬೇಕಿಲ್ಲ.

ಮಧ್ಯಾಹ್ನ ಪಾಠ ಮಾಡಿ ನೋಡುವ ಅಭ್ಯಾಸ. ಹತ್ತಿರದ ಶಾಲೆಯ ಹದಿನೈದು ಇಪ್ಪತ್ತು ಮಕ್ಕಳು ಸಿಕ್ಕಿದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಇನ್ನೊಂದು ಗುಂಪಿನ ಶಿಕ್ಷಕರೇ ಮಕ್ಕಳಾಗಲಿ. ತಲಾ 15 ನಿಮಿಷ. ಒಬ್ಬ ವೀಕ್ಷಕರು ಎಷ್ಟು ಮಕ್ಕಳು ಸಾಮಾನು ಮುಟ್ಟಿದರು, ಶಿಕ್ಷಕರ ಪ್ರಶ್ನೆಗಳಲ್ಲಿ ಒಂದೇ ಶಬ್ದದ ಉತ್ತರ ಕೇಳಿದವು ಎಷ್ಟು, ವಿವರಣೆಯನ್ನು ಮೊದಲು ಹೇಳಿದವರು ಮಗುವೋ ಶಿಕ್ಷಕರೋ ಎಂಬುದನ್ನು ಮಾತ್ರ ಗುರುತು ಹಾಕಲಿ. ಪಾಠ ಮಾಡಿದವರು ತಮ್ಮ ಪಾಠದ ಬಗ್ಗೆ ಮೊದಲು ತಾವೇ ಮಾತಾಡಲಿ, ಆಮೇಲೆ ವೀಕ್ಷಕರು ಸಂಖ್ಯೆಗಳನ್ನು ಓದಲಿ. "ಚೆನ್ನಾಗಿತ್ತು" ಎಂಬ ಮಾತಿಗೆ ಇಲ್ಲಿ ಕೆಲಸವಿಲ್ಲ.

ಬೆಂಕಿ, ಗಾಜು, ಸುಣ್ಣ

ನಾಲ್ಕನೇ ತರಗತಿಯವರೆಗೆ ಬೆಂಕಿಕಡ್ಡಿ ಗೀರುವುದು ಶಿಕ್ಷಕರು ಮಾತ್ರ. ಜಡೆ, ಶಾಲು, ಸೆರಗು ಕಟ್ಟಿಕೊಂಡಿರಬೇಕು. ಒದ್ದೆ ಬೈರಾಸು ಮತ್ತು ಒಂದು ಬಕೆಟ್ ನೀರು ಕೈಗೆಟಕುವಲ್ಲಿರಲಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಪೇಸ್ಟ್, ಎಣ್ಣೆ, ಮಂಜುಗಡ್ಡೆ ಬೇಡ. ಸುಣ್ಣದ ನೀರು ಕಣ್ಣಿಗೆ ಹಾರಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರಯೋಗಕ್ಕೆ ಬಳಸಿದ ಯಾವುದನ್ನೂ, ಲಿಂಬೆರಸವನ್ನೂ, ರುಚಿ ನೋಡಬಾರದು.

ತರಬೇತಿಯ ನಂತರದ ಆರು ವಾರ

ಪ್ರತಿ ಶಿಕ್ಷಕರೂ ಹೊರಡುವ ಮೊದಲು ಎರಡು ವಾರದೊಳಗೆ ಮಾಡುವ ಒಂದು ಪ್ರಯೋಗ ಮತ್ತು ದಿನಾಂಕ ಬರೆದುಕೊಡಲಿ. ಒಂದೇ ಸಾಕು. ಆ ದಿನದ ಆಸುಪಾಸಿನಲ್ಲಿ ಸಿ.ಆರ್.ಸಿ. (ಕ್ಲಸ್ಟರ್ ಸಂಪನ್ಮೂಲ ಕೇಂದ್ರ) ಸಂಯೋಜಕರು ಅಥವಾ ಸಂಪನ್ಮೂಲ ವ್ಯಕ್ತಿ ತರಗತಿಗೆ ಹೋಗಲಿ. ದಾಖಲೆ ನೋಡಲು ಹೋಗುವುದಲ್ಲ, ಸಾಮಾನು ಹಂಚಲು ಕೈ ಸೇರಿಸಲು ಹೋಗುವುದು. ಮಕ್ಕಳ ಪುಸ್ತಕದಲ್ಲಿ ಎಲ್ಲರ ಉತ್ತರವೂ ಅಕ್ಷರಶಃ ಒಂದೇ ಇದ್ದರೆ ಬೋರ್ಡಿನಿಂದ ಬರೆಸಿದ್ದೆಂದು ಅರ್ಥ. ಊಹೆ ತಪ್ಪಾಗಿ, ಹಾಗೆಯೇ ಉಳಿದು, ಕೆಳಗೆ ಕಂಡದ್ದು ಬೇರೆಯಾಗಿ ಬರೆದಿದ್ದರೆ ಪಾಠ ಸರಿಯಾಗಿ ನಡೆದಿದೆ. ಆರನೇ ವಾರದಲ್ಲಿ ಎಲ್ಲರೂ ಅರ್ಧ ದಿನ ಸೇರಿ ಕೆಟ್ಟುಹೋದ ಪ್ರಯೋಗಗಳನ್ನು ಮಾತ್ರ ಮತ್ತೆ ಮಾಡಿ ನೋಡಬೇಕು. ಶಾಲೆಯ ಎಸ್.ಆರ್.ಜಿ. (ಶಾಲಾ ಸಂಪನ್ಮೂಲ ಗುಂಪು) ಸಭೆಯಲ್ಲಿ ಮುಖ್ಯೋಪಾಧ್ಯಾಯರಿಗೂ ವಿಷಯ ತಿಳಿದಿರಲಿ. ತರಗತಿಯಲ್ಲಿ ಗದ್ದಲ ಕೇಳಿದಾಗ ಅವರು ಗಾಬರಿಯಾಗಬಾರದು.

ಸಾಮಾನಿನ ಪೆಟ್ಟಿಗೆಗೆ ದೊಡ್ಡ ಶತ್ರು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಕಿಪೆಟ್ಟಿಗೆ ಹಸಿಯಾಗುತ್ತದೆ, ತಾಮ್ರ ಕಪ್ಪಾಗುತ್ತದೆ, ಸೂಚಕ ಪಟ್ಟಿಗೆ ಬೂಸರು ಹಿಡಿಯುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿಡಿ, ಪಟ್ಟಿಗಳನ್ನು ಆಯಾ ಪಾಠಕ್ಕೆ ಹೊಸದಾಗಿ ಮಾಡಿಕೊಳ್ಳಿ. ಸೆಲ್ಲುಗಳನ್ನು ವಯರಿನ ತುಂಡುಗಳ ಜತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ತಮ್ಮಷ್ಟಕ್ಕೆ ಶಾರ್ಟ್ ಆಗಿ ಖಾಲಿಯಾಗುತ್ತವೆ, ಸೋರುತ್ತವೆ. ಅವಕ್ಕೆ ಬೇರೆ ಡಬ್ಬಿ ಮಾಡಿ, ಮುಚ್ಚಳದ ಮೇಲೆ ಕೊಂಡ ತಿಂಗಳು ಬರೆದಿಡಿ.